ವೈದ್ಯರ ಕೈಸೇರಿದ ಸೂಜಿ

ಧಾರವಾಡ ಸೀಮೆಯ ಹಳೆಯ ಬರೆಹಗಳಲ್ಲಿ ಗುಡ್ಡಗುಡ್ಡಾಪುರವೆಂದು ಕಾಣಿಸಿಕೊಳ್ಳುವ ದೇವರಗುಡ್ಡವು ನಾಡಿಗೆ ಪರಿಚಿತವಾಗಿರುವುದು ದಸರೆಯ ಸಮಯದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದಿಂದಲಾದರೂ, ಮೈಲಾರ ಪರಂಪರೆಯ ಕಂಚಾವೀರರು ಕಾಲಿನ ಮೀನಖಂಡಕ್ಕೆ ಶಸ್ತ್ರವನ್ನು ತೂರಿಸಿಕೊಂಡು ನಡೆಸುವ ಪವಾಡವನ್ನು ಬಲ್ಲವರಿಗೆ, ದೇಹವನ್ನು ಚುಚ್ಚುವ ಕ್ರಿಯೆಯು ವ್ರತದ ಅಂಗಳದಿಂದ ಚಿಕಿತ್ಸೆಯ ಕೊಠಡಿಗೆ ಎಂದು, ಯಾರ ಮೂಲಕ ಬಂದಿತೆಂಬ ಕುತೂಹಲ ಹುಟ್ಟುವುದು ಸಹಜವೇ ಸರಿ. ಎರಡಕ್ಕೂ ಸಂಬಂಧವಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಕಂಚಾವೀರನು ನೋವನ್ನು ದೇವರಿಗೆ ಒಪ್ಪಿಸುತ್ತಾನೆ. ವೈದ್ಯನ ಬಳಿಗೆ ಬಂದವನಾದರೋ ಅದನ್ನು ಕಳೆದುಕೊಳ್ಳಬಯಸುತ್ತಾನೆ.

ಅಕ್ಯುಪಂಕ್ಚರ್ ಎಂಬ ಚೀನಾದ ಸೂಜಿಚಿಕಿತ್ಸೆಯೂ ನಮ್ಮದೇ ಎಂದು ವಾದಿಸುವವರುಂಟು. ಅಂತ್ರವೃದ್ಧಿಗೆ (ಹರ್ನಿಯಾಕ್ಕೆ) ಕಿವಿಯ ಬಳಿಯ ಸಿರೆಯನ್ನು ವಿರುದ್ಧಪಾರ್ಶ್ವದಲ್ಲಿ ವೇಧಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸುವುದು ನಿಜ. ಆದರೆ ಅದೇ ಗ್ರಂಥವು ಎಣಿಸುವ 107 ಮರ್ಮಗಳು ಶಸ್ತ್ರವೈದ್ಯನು ತಾಗದಂತೆ ಎಚ್ಚರವಹಿಸಬೇಕಾದ ಸ್ಥಾನಗಳೇ ಹೊರತು ಸೂಜಿಯನ್ನು ಆಹ್ವಾನಿಸುವ ಬಿಂದುಗಳಲ್ಲ. ಈ ವಾದದಲ್ಲಿ ನನಗೆ ಪ್ರಮಾಣಕ್ಕಿಂತ ಅಭಿಮಾನವೇ ಹೆಚ್ಚಾಗಿ ಕಾಣುತ್ತದೆ.

ನಿಜವಾದ ವೃತ್ತಾಂತವು ಸಿದ್ಧರಾಮನ ಸೊನ್ನಲಿಗೆಯಾದ, ಕನ್ನಡ ಮರಾಠಿ ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದ ಕಡೆಗೆ ನಮ್ಮನ್ನು ಒಯ್ಯುತ್ತದೆ. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾದಿಂದ ಸೇನಾನಿ ಝೂ ದ ಅವರು ಜವಾಹರಲಾಲ ನೆಹರೂ ಅವರಿಗೆ ಬರೆದ ಕೋರಿಕೆಯ ಫಲವಾಗಿ, ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು 1938ರಲ್ಲಿ ಕಳುಹಿದ ಐವರು ವೈದ್ಯರ ನಿಯೋಗದಲ್ಲಿ, ಅಟಲ್, ಚೋಳ್ಕರ್, ಮುಖರ್ಜಿ ಇವರೊಡನೆ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ದ್ವಾರಕಾನಾಥ ಕೋಟ್ನಿಸ್ ಮತ್ತು ಕಲ್ಕತ್ತೆಯ ಬಿಜಯಕುಮಾರ ಬಸು ಅವರೂ ಇದ್ದರು. ಉಳಿದವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಬೆಥೂನ್ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ, ಅಲ್ಲಿಯವಳೇ ಆದ ದಾದಿಯನ್ನು ವರಿಸಿದ್ದ ಕೋಟ್ನಿಸ್ 1942ರ ಡಿಸೆಂಬರಿನಲ್ಲಿ, ಇನ್ನೂ ಮೂವತ್ತೆರಡರ ಪ್ರಾಯದಲ್ಲಿ, ಅಪಸ್ಮಾರದಿಂದ ತೀರಿಕೊಂಡರು. ಅವರು ಶಸ್ತ್ರಚಿಕಿತ್ಸಕರು, ಅವರ ಕೀರ್ತಿ ನಿಂತಿರುವುದು ಕತ್ತಿ ಹೊಲಿಗೆಗಳ ಮೇಲೆ. ಆದರೂ ಇಂದು ಲುಧಿಯಾನದ ಸೂಜಿಚಿಕಿತ್ಸೆಯ ಆಸ್ಪತ್ರೆಯೊಂದು ಅವರ ಹೆಸರನ್ನೇ ಹೊತ್ತಿದೆ. ಇದಕ್ಕೆ ಕಾರಣರು ಬಸು.

1950ರ ದಶಕದ ಕೊನೆಯಲ್ಲಿ ಪುನಃ ಚೀನಾಕ್ಕೆ ತೆರಳಿದ ಬಸು ಸೂಜಿಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಇಲ್ಲಿ ಗಮನಿಸಬೇಕಾದುದೆಂದರೆ, ಸೂಜಿಯು ಭಾರತಕ್ಕೆ ಬಂದದ್ದು ಭಿಕ್ಷುವಿನ ಜೋಳಿಗೆಯಲ್ಲಿ ಅಲ್ಲ, ಸ್ಟೆತಾಸ್ಕೋಪು ಧರಿಸಿದ ಪಾಶ್ಚಾತ್ಯ ಶಿಕ್ಷಣದ ವೈದ್ಯನ ಕೈಯಲ್ಲಿ. ಅವರು ಕಲಿತ ವಿದ್ಯೆಯೂ ಶುದ್ಧ ಪ್ರಾಚೀನವಾಗಿರಲಿಲ್ಲ: 1822ರಲ್ಲಿ ಚೀನಾದ ಚಕ್ರವರ್ತಿಯ ಆಸ್ಥಾನ ವೈದ್ಯಾಲಯದಿಂದಲೇ ಹೊರಹಾಕಲ್ಪಟ್ಟಿದ್ದ ಪದ್ಧತಿಯನ್ನು, 1950ರ ದಶಕದ ಹೊಸ ಸರ್ಕಾರವು ಪಾಶ್ಚಾತ್ಯ ವೈದ್ಯದೊಡನೆ ಬೆರೆಸಿ ಆಸ್ಪತ್ರೆಗಳೊಳಕ್ಕೆ ಮರಳಿ ತಂದಿತ್ತು. ಆದುದರಿಂದ ಎರಡು ವೈದ್ಯಗಳನ್ನು ಒಂದೇ ಮೇಜಿನ ಮೇಲಿರಿಸಿಕೊಳ್ಳುವ ವೈದ್ಯನು ಪರಂಪರೆಯನ್ನು ಕಲಬೆರಕೆ ಮಾಡುತ್ತಾನೆಂಬ ಆಕ್ಷೇಪಕ್ಕೆ ನೆಲೆಯೇ ಇಲ್ಲ. 1962ರ ಯುದ್ಧದಿಂದ ಚೀನಾದ ಹೆಸರೇ ಅಪ್ರಿಯವಾಗಿದ್ದ ವರ್ಷಗಳನ್ನೂ ಬಸು ಅವರ ಸೂಜಿ ದಾಟಿತು. ಪಶ್ಚಿಮದ ಕುತೂಹಲವಾದರೋ, 1971ರಲ್ಲಿ ಪೀಕಿಂಗಿನಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತನು, ತರುವಾಯದ ಹೊಟ್ಟೆಯುಬ್ಬರಕ್ಕೆ ಸೂಜಿ ಹಾಕಿದರೆಂದು ಬರೆದ ಮೇಲೆ ಹೆಚ್ಚು ಕೆರಳಿತು. ಶಸ್ತ್ರಕ್ರಿಯೆಯೇ ಸೂಜಿಯಿಂದ ನಡೆಯಿತೆಂದು ಊರೂರಿಗೆ ಹಬ್ಬಿದ ಮಾತು ಅವನದಲ್ಲ.

ಕರ್ಣಾಟಕದಲ್ಲಿ ಸೂಜಿಗೆ ಪಾಠಶಾಲೆಯ ಆಶ್ರಯವನ್ನಿತ್ತದ್ದು ಪ್ರಕೃತಿಚಿಕಿತ್ಸೆ; 1989ರಲ್ಲಿ ಆರಂಭವಾದ ಉಜಿರೆಯ ಕಾಲೇಜಿನಂತಹ ಸಂಸ್ಥೆಗಳ ಪದವಿಶಿಕ್ಷಣದಲ್ಲಿ ಅದಕ್ಕೆ ಸ್ಥಾನವುಂಟು. ಕೇಂದ್ರ ಸರ್ಕಾರವು 2003ರಲ್ಲಿ ಅದನ್ನು ಚಿಕಿತ್ಸಾವಿಧಾನವಾಗಿ ಅಂಗೀಕರಿಸಿ, 2019ರಲ್ಲಿ ಸ್ವತಂತ್ರ ಪದ್ಧತಿಯ ಮನ್ನಣೆಯನ್ನಿತ್ತಿತು. ಆದರೆ ಬ್ಯಾಡಗಿಯಲ್ಲಿ ದಿನವಿಡೀ ಬಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳೊಬ್ಬಳು ಬೆನ್ನುನೋವೆಂದು ಬಂದಾಗ, ನೋವು ಸ್ನಾಯುವಿನದೋ, ಮೂಳೆಯ ಕ್ಷಯದ್ದೋ, ಮೂತ್ರಪಿಂಡದ ಕಲ್ಲಿನದೋ ಎಂಬುದನ್ನು ಎಕ್ಸ್‌ರೇ ಮತ್ತು ರಕ್ತಪರೀಕ್ಷೆಗಳಿಂದ ತಿಳಿಯದೆಯೇ ಸೂಜಿಯನ್ನು ಕೈಗೆತ್ತಿಕೊಳ್ಳುವವನಲ್ಲಿ ನನಗೆ ವಿಶ್ವಾಸವಿಲ್ಲ; ನೋವು ತಗ್ಗಿತೆಂಬ ಸಮಾಧಾನದಲ್ಲಿ ಕ್ಷಯವು ಮುಂದುವರಿಯುವುದುಂಟು, ಎದೆಯ ಮೇಲೆ ಆಳ ತಪ್ಪಿದ ಸೂಜಿಯು ಶ್ವಾಸಕೋಶವನ್ನು ಭೇದಿಸುವುದೂ ಉಂಟು. ಬಸು ಅವರಿಗೆ ಈ ಎರಡೂ ಅಪಾಯಗಳನ್ನು ಅಳೆಯಲು ಬೇಕಾದ ವಿದ್ಯೆಯು ಸೂಜಿಗಿಂತ ಮೊದಲೇ ಕೈವಶವಾಗಿತ್ತು.