ಒಂದೇ ಆಟ, ಮನೆಗೊಂದು ಚಿತ್ರ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರಗಳಲ್ಲಿ ಬಡಗುತಿಟ್ಟಿನ ಯಕ್ಷಗಾನಕ್ಕೆ ದೊಡ್ಡ ಪ್ರೇಕ್ಷಕವರ್ಗವಿದೆ. ಆಟದ ನೇರಪ್ರಸಾರವನ್ನು ಮನೆಯಲ್ಲೇ ಕುಳಿತು ನೋಡುವ ಅನುಕೂಲವೂ ಈಗ ಇದೆ. ಆದರೆ ಪೇಟೆಯ ಮನೆಯಲ್ಲಿ ಮುಖವರ್ಣಿಕೆಯ ಗೆರೆಗಳೂ ಸ್ಪಷ್ಟವಾಗಿ ಕಂಡರೆ, ಅಡಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಅದೇ ವೇಷ ಬಣ್ಣದ ಚೌಕಗಳ ಗುಂಪಾಗಿ ಕಾಣಬಹುದು. ಇದು ಟಿ.ವಿ.ಯ ದೋಷವೇ ಆಗಿರಬೇಕೆಂದಿಲ್ಲ.

ಚಿತ್ರ ಮಸುಕಾಗುವುದೇಕೆ?

ಅಂತರ್ಜಾಲದಲ್ಲಿ ಒಂದೇ ದೃಶ್ಯವನ್ನು 240ಪಿ, 360ಪಿ, 480ಪಿ, 720ಪಿ, 1080ಪಿ ಮುಂತಾದ ಹಲವು ದರ್ಜೆಗಳಲ್ಲಿ ಸಿದ್ಧಪಡಿಸಿ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕಳುಹಿಸಲಾಗುತ್ತದೆ. ಈ ಸಂಖ್ಯೆ ಚಿತ್ರದ ಅಡ್ಡಸಾಲುಗಳನ್ನು ಸೂಚಿಸುತ್ತದೆ. 1080ಪಿ ಚಿತ್ರದಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 480ಪಿಯಲ್ಲಿರುವುದು ಸುಮಾರು 4.1 ಲಕ್ಷ ಮಾತ್ರ. ಸಂಪರ್ಕದ ವೇಗ ಕುಸಿದೊಡನೆ ಮುಂದಿನ ತುಣುಕು ಕೆಳದರ್ಜೆಯದಾಗುತ್ತದೆ. ಪ್ರಸಾರ ನಿಲ್ಲದಿರಲೆಂದು ಸ್ಪಷ್ಟತೆಯನ್ನು ಬಿಟ್ಟುಕೊಡುವ ವ್ಯವಸ್ಥೆಯಿದು.

ಯೂಟ್ಯೂಬ್‌ನ ಶಿಫಾರಸಿನಂತೆ 480ಪಿಗೆ ಸೆಕೆಂಡಿಗೆ 1.1, 720ಪಿಗೆ 2.5, 1080ಪಿಗೆ 5 ಹಾಗೂ 4ಕೆ ಚಿತ್ರಕ್ಕೆ 20 ಮೆಗಾಬಿಟ್ ವೇಗ ಸತತವಾಗಿ ದೊರೆಯಬೇಕು.

ದುರ್ಬಲ ಕೊಂಡಿ ಯಾವುದು?

ಮೊಬೈಲ್ ಸಂಪರ್ಕವಾದರೆ ಮೊದಲ ಅಡ್ಡಿ ಗುಡ್ಡ ಮತ್ತು ದಟ್ಟ ಮರಗಳದು. ಕಣಿವೆಯ ಮನೆಗೆ ಗೋಪುರದ ಸಂಕೇತ ಕ್ಷೀಣವಾಗಿ ತಲುಪುತ್ತದೆ. ಹೆಚ್ಚು ಜನ ಏಕಕಾಲಕ್ಕೆ ಬಳಸಿದಾಗ ಇರುವ ವೇಗವೂ ಹಂಚಿಹೋಗುತ್ತದೆ.

ಫೈಬರ್ ಸಂಪರ್ಕವಿದ್ದೂ ಚಿತ್ರ ಮಸುಕಾದರೆ ಮನೆಯೊಳಗಿನ ವೈಫೈಯನ್ನು ಪರಿಶೀಲಿಸಬೇಕು. 5 ಗಿಗಾಹರ್ಟ್ಸ್ ತರಂಗ ವೇಗದ್ದು, ಆದರೆ ದಪ್ಪ ಗೋಡೆಗಳನ್ನು ದಾಟಲು ಸೋಲುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ತಲುಪುತ್ತದೆ, ವೇಗ ಕಡಿಮೆ. ರೌಟರ್ ಪಕ್ಕದಲ್ಲೇ ಮೊಬೈಲ್ ಹಿಡಿದು ಅದೇ ವಿಡಿಯೊ ನೋಡಿದಾಗ ಚಿತ್ರ ಸ್ಪಷ್ಟವಾದರೆ ತೊಂದರೆ ವೈಫೈಯದೆಂದು ತಿಳಿಯಬಹುದು. ರೌಟರಿನ ಸ್ಥಳ ಬದಲಿಸುವುದು ಅಥವಾ ಟಿ.ವಿ.ಗೆ ನೇರವಾಗಿ ತಂತಿ ಜೋಡಿಸುವುದು ಇದಕ್ಕೆ ಪರಿಹಾರ.

ನೇರಪ್ರಸಾರಕ್ಕೆ ಮತ್ತೊಂದು ಮಿತಿಯಿದೆ. ರಂಗಸ್ಥಳದಿಂದಲೇ ಚಿತ್ರ ಕೆಳದರ್ಜೆಯಲ್ಲಿ ರವಾನೆಯಾದರೆ, ನೋಡುವವರ ಸಂಪರ್ಕ ಎಷ್ಟೇ ಉತ್ತಮವಾಗಿದ್ದರೂ ಅದು ಸುಧಾರಿಸದು.

ಡೇಟಾದ ಲೆಕ್ಕ

ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಒಂದು ಗಂಟೆಗೆ 2.25 ಜಿಬಿ, ಆರು ಗಂಟೆಯ ಆಟಕ್ಕೆ 13.5 ಜಿಬಿ ಡೇಟಾ ಬೇಕು. 1.1 ಮೆಗಾಬಿಟ್ ಆದರೆ ಸುಮಾರು 3 ಜಿಬಿ ಸಾಕು. ದಿನಕ್ಕೆ 1.5 ಜಿಬಿ ಮಿತಿಯಿರುವ ಮೊಬೈಲ್ ಯೋಜನೆಯಲ್ಲಿ ಮೊದಲಿನ ವೇಗದ ವೀಕ್ಷಣೆ 40 ನಿಮಿಷಕ್ಕೇ ಮುಗಿಯುತ್ತದೆ. ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್‌ನಲ್ಲಿ ಜಾಲದ ಮೇಲಿನ ಹೊರೆ ತಗ್ಗಿಸಲು ಪ್ರಮುಖ ವಿಡಿಯೊ ಸಂಸ್ಥೆಗಳು ಮೊಬೈಲ್ ಜಾಲದಲ್ಲಿ 480ಪಿಯ ಮಿತಿಗೆ ಒಪ್ಪಿದ್ದನ್ನು ಇಲ್ಲಿ ಸ್ಮರಿಸಬಹುದು.

ಆದ್ದರಿಂದ ಸಂಪರ್ಕ ಏರಿಳಿಯುವ ಮನೆಗಳಲ್ಲಿ ದರ್ಜೆಯನ್ನು ಕೈಯಾರೆ ಆರಿಸಿಕೊಳ್ಳುವುದು ಲೇಸು. ಅರ್ಥಧಾರಿಗಳು ಕುಳಿತೇ ಮಾತಾಡುವ ತಾಳಮದ್ದಳೆಯಲ್ಲಿ ದೃಶ್ಯ ಹೆಚ್ಚು ಬದಲಾಗದು. ಅದಕ್ಕೆ 360ಪಿಯೂ ಸಾಕು. ವೇಷಗಳ ಬಿರುಸಿನ ಕುಣಿತಕ್ಕೆ 720ಪಿ ದೊರೆತರೆ ಉತ್ತಮ. ಅದೂ ಸಾಧ್ಯವಾಗದಿದ್ದರೆ ದರ್ಜೆಯನ್ನು ಇಳಿಸಿ ನೋಡಬೇಕು. ಧ್ವನಿಗೆ ಬೇಕಾಗುವ ಡೇಟಾ ಅತ್ಯಲ್ಪವಾದ್ದರಿಂದ, ಚಿತ್ರ ಮಸುಕಾದರೂ ಭಾಗವತರ ಪದ್ಯವಾದರೂ ಕಡಿಯದೆ ಕೇಳಿಸುತ್ತದೆ.