ಧ್ವನಿಯ ಹದ
1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಕುಂದಾಪುರ, ಬೈಂದೂರು ಸೀಮೆಯ ಮನೆಗಳಿಗೆ ಯಕ್ಷಗಾನ ರೇಡಿಯೋದಲ್ಲಿಯೂ ಬಂದಿತು. ಪ್ರಸಾರಸ್ತಂಭ ನಿಂತದ್ದು ಬ್ರಹ್ಮಾವರದಲ್ಲಿ. ಆದರೂ ಬಯಲಾಟದ ಚಂಡೆ ಪೆಟ್ಟಿಗೆಯೊಳಗೆ ಮಂಕಾಗಿಯೇ ಕೇಳಿಸುತ್ತಿತ್ತು. ದೋಷ ದೂರದ್ದಲ್ಲ. ಮಧ್ಯಮ ತರಂಗವು ಧ್ವನಿಯ ಮೇಲಿನ ಕಂಪನಗಳನ್ನು ಪೂರ್ಣವಾಗಿ ಹೊತ್ತು ತರಲಾರದು.

ಬಾಸ್, ಟ್ರೆಬಲ್‌ಗಳನ್ನು ಬೇರೆಬೇರೆಯಾಗಿ ಏರಿಳಿಸುವ ಪ್ರಸಿದ್ಧ ವಿದ್ಯುನ್ಮಂಡಲವನ್ನು ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದರು. ಮುಂದೆ ಸ್ಟೀರಿಯೋ ರಿಸೀವರುಗಳಲ್ಲಿ ಅದು ಸರ್ವಸಾಮಾನ್ಯವಾಯಿತು. ಬಾಸ್ ಏರಿಸಿದರೆ ಮದ್ದಳೆ ತುಂಬಿ ಬರುತ್ತದೆ. ಅತಿಯಾದರೆ ಭಾಗವತರ ಪದ್ಯವೇ ಮುಳುಗುತ್ತದೆ. ಟ್ರೆಬಲ್ ಏರಿಸಿದರೆ ಚಂಡೆಯೊಡನೆ ಗರಗರ ಸದ್ದೂ ಏರುತ್ತದೆ. ಬಾರದ ಧ್ವನಿಯನ್ನು ಯಾವ ತಿರುಗುಣಿಯೂ ತಾರದು.

ಆದುದರಿಂದ ಕೊಳ್ಳುವವರು ತಿರುಗುಣಿಗಳೆರಡನ್ನೂ ನಡುವೆ ನಿಲ್ಲಿಸಿ, ಪರಿಚಿತ ಪದ್ಯವೊಂದನ್ನು ಕೇಳಬೇಕು. ಅದರ ಮಾತು ಬಿಡಿಬಿಡಿಯಾಗಿ ಕಿವಿಗೆ ಬೀಳುವ ಯಂತ್ರವೇ ಮನೆಗೆ ತರತಕ್ಕದ್ದು.