ಐವರಲ್ಲಿ ಒಬ್ಬರು ಇಲ್ಲವಾದಾಗ

ದೊಡ್ಡ ಆಟಗಾರ ಗಾಯಗೊಂಡು ಹೊರಗೆ ಕೂತರೆ ಉಳಿದವರು ಒಗ್ಗಟ್ಟಾಗುತ್ತಾರೆ, ತಂಡ ಮೊದಲಿಗಿಂತ ಚೆನ್ನಾಗಿ ಆಡುತ್ತದೆ ಎಂಬ ಮಾತು ಬ್ಯಾಸ್ಕೆಟ್‌ಬಾಲ್ ವಲಯದಲ್ಲಿ ಚಾಲ್ತಿಯಲ್ಲಿದೆ. ಅಮೆರಿಕದಲ್ಲಿ ಇದಕ್ಕೆ ‘ಯೂಯಿಂಗ್ ಸಿದ್ಧಾಂತ’ ಎಂಬ ಹೆಸರೇ ಬಿದ್ದಿದೆ. ಅದರ ಮುಖ್ಯ ಸಾಕ್ಷಿ 1999ರ ನ್ಯೂಯಾರ್ಕ್ ನಿಕ್ಸ್. ಕಾನ್ಫರೆನ್ಸ್ ಫೈನಲ್ ನಡುವೆ ಪ್ಯಾಟ್ರಿಕ್ ಯೂಯಿಂಗ್ ಗಾಯಗೊಂಡು ಹೊರಬಿದ್ದರೂ ಎಂಟನೇ ಶ್ರೇಯಾಂಕದ ತಂಡ ಇಂಡಿಯಾನಾವನ್ನು ಸೋಲಿಸಿ ಎನ್‌ಬಿಎ ಫೈನಲ್ ಮುಟ್ಟಿತು. ಹೇಳುವವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೊದ ಟಿಮ್ ಡಂಕನ್, ಡೇವಿಡ್ ರಾಬಿನ್ಸನ್ ಎಂಬ ಇಬ್ಬರು ಏಳಡಿ ಆಳುಗಳ ಎದುರು ಅದೇ ನಿಕ್ಸ್ 1-4ರಿಂದ ಸೋತಿತು. ಯೂಯಿಂಗ್ ಬೇಕಾಗಿದ್ದದ್ದು ಆಗ.

ಆಟಗಾರನ ಗೈರುಹಾಜರಿಯನ್ನು ಮೊದಲು ಎಲ್ಲರೂ ನೋಡಿದ್ದು ವೀರಗಾಥೆಯ ಕಣ್ಣಿನಿಂದ. 1970ರ ಏಳನೇ ಫೈನಲ್ ಪಂದ್ಯಕ್ಕೆ ತೊಡೆಯ ಗಾಯದಲ್ಲೇ ಅಂಗಳಕ್ಕಿಳಿದ ನಿಕ್ಸ್‌ನ ವಿಲಿಸ್ ರೀಡ್ ಗಳಿಸಿದ್ದು ನಾಲ್ಕೇ ಪಾಯಿಂಟ್, ಆದರೂ ಜನರ ನೆನಪಿನಲ್ಲಿ ಉಳಿದದ್ದು ಅವರೇ. ಆ ರಾತ್ರಿ 36 ಪಾಯಿಂಟ್, 19 ಅಸಿಸ್ಟ್ ಕೊಟ್ಟ ವಾಲ್ಟ್ ಫ್ರೇಜಿಯರ್ ಹೆಸರು ಹಿಂದೆ ಸರಿಯಿತು. ಗೈರುಹಾಜರಿಗೆ ಲೆಕ್ಕವೂ ಇದೆಯೆಂದು ತೋರಿಸಿದ್ದು 1977-78ರ ಪೋರ್ಟ್‌ಲೆಂಡ್. ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿದ್ದ ಹಾಲಿ ಚಾಂಪಿಯನ್ನರು, ಬಿಲ್ ವಾಲ್ಟನ್ ಪಾದ ಮುರಿದ ಮೇಲೆ ಉಳಿದ 22ರಲ್ಲಿ ಗೆದ್ದದ್ದು ಎಂಟು ಮಾತ್ರ.

1993ರಲ್ಲಿ ಮೈಕಲ್ ಜೋರ್ಡನ್ ನಿವೃತ್ತರಾದಾಗ ಈ ಲೆಕ್ಕವೇ ತಪ್ಪೆಂದು ಹಲವರಿಗೆ ಅನ್ನಿಸಿತು. 57 ಪಂದ್ಯ ಗೆದ್ದಿದ್ದ ಶಿಕಾಗೊ ಬುಲ್ಸ್ ಅವರಿಲ್ಲದೆಯೂ 55 ಗೆದ್ದಿತಲ್ಲ! ಆದರೆ ಸ್ಕಾಟಿ ಪಿಪ್ಪೆನ್, ಹೊರೇಸ್ ಗ್ರಾಂಟ್ ತಂಡದಲ್ಲೇ ಇದ್ದರು; ಟೋನಿ ಕುಕೋಚ್, ಸ್ಟೀವ್ ಕರ್ ಆ ವರ್ಷವೇ ಬಂದು ಸೇರಿದರು. ಮರುವರ್ಷ ಗ್ರಾಂಟ್ ಒರ್ಲಾಂಡೊಗೆ ಹೋದರು. 1995ರ ಮಾರ್ಚ್‌ನಲ್ಲಿ ಜೋರ್ಡನ್ ಮರಳುವ ಹೊತ್ತಿಗೆ ತಂಡ 34 ಗೆದ್ದು 31 ಸೋತಿತ್ತು. ಒಬ್ಬರ ಜಾಗ ತುಂಬುವ ತಂಡಕ್ಕೆ ಇಬ್ಬರ ಜಾಗ ತುಂಬಲಾಗದು. ಸ್ಯಾನ್ ಆಂಟೋನಿಯೊ ಇದಕ್ಕೆ ಇನ್ನೊಂದು ಸಾಕ್ಷಿ. 1996-97ರಲ್ಲಿ ರಾಬಿನ್ಸನ್ ಆಡಿದ್ದು ಆರು ಪಂದ್ಯ, ಷಾನ್ ಎಲಿಯಟ್‌ಗೂ ಗಾಯ. ಗೆಲುವು 59ರಿಂದ 20ಕ್ಕೆ ಕುಸಿಯಿತು. ಆ ಕುಸಿತವೇ, ಹೊಸ ಆಟಗಾರರ ಆಯ್ಕೆಯಲ್ಲಿ ಹಿಂದುಳಿದ ತಂಡಗಳಿಗೆ ಆದ್ಯತೆ ಕೊಡುವ ಡ್ರಾಫ್ಟ್‌ನಲ್ಲಿ, ಡಂಕನ್‌ರನ್ನು ತಂದುಕೊಟ್ಟಿತು, 1999ರಲ್ಲಿ ಕಪ್ ಬಂತು. ಸೋತವರಿಗೆ ಹೀಗೆ ಬಹುಮಾನ ಕೊಡುವ ಪದ್ಧತಿ ನನಗೆ ಎಂದೂ ಸರಿಯೆನಿಸಿಲ್ಲ.

ನಮ್ಮ ತಲೆಮಾರಿನವರ ಕಣ್ಣು ತೆರೆಸಿದ್ದು 2000ರ ನಂತರದ ಅಂಕಿಅಂಶದ ಕೆಲಸ. ವೇಯ್ನ್ ವಿನ್‌ಸ್ಟನ್, ಜೆಫ್ ಸಗಾರಿನ್ ಇಬ್ಬರೂ ಡಲ್ಲಾಸ್ ತಂಡಕ್ಕಾಗಿ, ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ಮತ್ತು ಇಲ್ಲದಿದ್ದಾಗ ಸ್ಕೋರ್ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕತೊಡಗಿದರು. ಐಸ್ ಹಾಕಿಯಿಂದ ಬಂದ ಈ ಪ್ಲಸ್-ಮೈನಸ್‌ಗೆ ಜೊತೆಗಾರರ, ಎದುರಾಳಿಗಳ ಪ್ರಭಾವವನ್ನು ಕಳೆಯುವ ಸುಧಾರಿತ ರೂಪವನ್ನು 2004ರಲ್ಲಿ ಡಾನ್ ರೋಸೆನ್‌ಬಾಮ್ ಪ್ರಕಟಿಸಿದರು. ಅದೇ ವರ್ಷ ಡೀನ್ ಆಲಿವರ್ ಅವರ ‘ಬ್ಯಾಸ್ಕೆಟ್‌ಬಾಲ್ ಆನ್ ಪೇಪರ್’ ಬಂತು. ಈ ಕ್ಷೇತ್ರದಲ್ಲಿ ಅದಕ್ಕೆ ಸಮನಾದ ಪುಸ್ತಕ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ಮುಖ್ಯ ಆಟಗಾರ ಹೋದಾಗ ಅವನ ಪಾಲಿನ ಶಾಟ್‌ಗಳು ಮಾಯವಾಗುವುದಿಲ್ಲ, ಬೇರೆಯವರ ಕೈಗೆ ಬರುತ್ತವೆ. ಆವರೆಗೆ ತೆರೆದ ಶಾಟ್ ಮಾತ್ರ ಹೊಡೆಯುತ್ತಿದ್ದವನು ಈಗ ಕೈ ಅಡ್ಡ ಇದ್ದಾಗಲೂ ಹೊಡೆಯಬೇಕು. ಅವನ ಗುರಿ ತಪ್ಪುವುದು ಹೆಚ್ಚುತ್ತದೆ. ಹೊರೆ ಏರಿದಂತೆ ದಕ್ಷತೆ ಇಳಿಯುವ ಈ ಸಂಬಂಧವನ್ನು ಆಲಿವರ್ ಬಿಡಿಸಿಟ್ಟರು. 25 ಪಾಯಿಂಟ್‌ನವನು ಹೋದರೆ ತಂಡಕ್ಕೆ 25 ನಷ್ಟ ಎಂಬ ಲೆಕ್ಕವೂ, ಏನೂ ನಷ್ಟವಿಲ್ಲ ಎಂಬ ಲೆಕ್ಕವೂ ಅಲ್ಲಿಗೆ ಬಿದ್ದುಹೋದವು. ಉಳಿದದ್ದು ಒಂದೇ ಪ್ರಶ್ನೆ: ಅವನ ನಿಮಿಷಗಳನ್ನು ಈಗ ಯಾರು ಆಡುತ್ತಾರೆ?

ಇದಕ್ಕೆ 2011-12ರ ಶಿಕಾಗೊಗಿಂತ ಒಳ್ಳೆಯ ಪಾಠವಿಲ್ಲ. ಡೆರಿಕ್ ರೋಸ್ ಇಲ್ಲದ 27 ಪಂದ್ಯಗಳಲ್ಲಿ ತಂಡ 18 ಗೆದ್ದಿತು. ಬೆಂಚ್ ಗಟ್ಟಿಯಿತ್ತು, ರಕ್ಷಣೆ ಇನ್ನೂ ಗಟ್ಟಿ. ಏಪ್ರಿಲ್ 28ರಂದು, ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ರೋಸ್ ಮಂಡಿಯ ಎಸಿಎಲ್ ಹರಿಯಿತು, ಆಮೇಲೆ ಜೋಕಿಮ್ ನೋವಾ ಕಣಕಾಲು ಉಳುಕಿತು. ಅಗ್ರ ಶ್ರೇಯಾಂಕದ ತಂಡ ಎಂಟನೆಯದಾದ ಫಿಲಡೆಲ್ಫಿಯಾಕ್ಕೆ ಸೋತಿತು. ಲೀಗ್ ಹಂತದಲ್ಲಿ ಎದುರಾಳಿ ದಿನಕ್ಕೊಬ್ಬ. ಬದಲಿ ಆಟಗಾರನ ದೌರ್ಬಲ್ಯ ಹುಡುಕಲು ಯಾರಿಗೂ ಪುರುಸೊತ್ತಿಲ್ಲ. ಪ್ಲೇಆಫ್‌ನಲ್ಲಿ ಒಂದೇ ತಂಡ ಎರಡು ವಾರ ಅವನನ್ನೇ ಕೆಣಕುತ್ತದೆ.

ಮುಂದಿನ ದಶಕದ ಗಮನವೆಲ್ಲ ಗಾಯ ತಡೆಯುವತ್ತ ಹೊರಳಿತು. ವಿಶ್ರಾಂತಿ ಕೊಡುತ್ತ ಕವಾಯ್ ಲೆನಾರ್ಡ್‌ರನ್ನು 60 ಪಂದ್ಯ ಆಡಿಸಿದ ಟೊರಾಂಟೊ 2019ರಲ್ಲಿ ಗೆದ್ದಿತು; ಫೈನಲ್‌ನಲ್ಲಿ ಕೆವಿನ್ ಡುರಾಂಟ್, ಕ್ಲೇ ಥಾಂಪ್ಸನ್ ಇಬ್ಬರನ್ನೂ ಕಳೆದುಕೊಂಡ ಗೋಲ್ಡನ್ ಸ್ಟೇಟ್ ಮರುವರ್ಷ 65ರಲ್ಲಿ 15 ಮಾತ್ರ ಗೆದ್ದಿತು. ಇಂಥ ವಿಶ್ರಾಂತಿಗೆ ಕಡಿವಾಣ ಹಾಕಲು 2023-24ರಿಂದ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮ ಬಂದಿದೆ. ಆದರೂ ಗಾಯ ನಿಂತಿಲ್ಲ; 2025ರ ಏಳನೇ ಫೈನಲ್ ಪಂದ್ಯದಲ್ಲೇ ಟೈರೀಸ್ ಹ್ಯಾಲಿಬರ್ಟನ್ ಅಕಿಲಿಸ್ ಹರಿಯಿತು. ನಿಯಮ ಮಾಡಿದರೆ ಸಾಲದು, ಪಂದ್ಯಗಳ ಸಂಖ್ಯೆಯೇ ಇಳಿಯಬೇಕು.

ಇಷ್ಟೆಲ್ಲ ಬರೆದವರು ಬಹುತೇಕ ನೋಡಿದ್ದು ಎನ್‌ಬಿಎ ಪುರುಷರನ್ನು. ನಮ್ಮಲ್ಲಿ ತಂಡ ಆಟಗಾರ್ತಿಯನ್ನು ಕಳೆದುಕೊಳ್ಳುವುದು ಗಾಯದಿಂದ ಮಾತ್ರವಲ್ಲ, ಕೆಲಸ ಸಿಕ್ಕಿದ್ದರಿಂದಲೂ. ಕರ್ನಾಟಕದಲ್ಲಿ ಬೆಳೆದ ಹುಡುಗಿಗೆ ರೈಲ್ವೆ ನೌಕರಿ ಸಿಕ್ಕರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಕೆ ರೈಲ್ವೆ ಪರ ಆಡುತ್ತಾಳೆ. ನಮ್ಮ ತಂಡಕ್ಕೆ ನಷ್ಟ, ಎದುರಾಳಿಗೆ ಲಾಭ, ಎರಡೂ ಒಟ್ಟಿಗೆ. ಆಕೆಗೆ ಆ ನೌಕರಿ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ನಷ್ಟವನ್ನು ಅಳೆಯಲು ನಮ್ಮ ಕೈಯಲ್ಲಿ ಏನಿದೆ? ಫೀಬಾ ಸ್ಕೋರ್‌ಶೀಟ್‌ನಲ್ಲಿ ಯಾರು ಆರಂಭಿಸಿದರು, ಯಾರು ಅಂಗಳಕ್ಕೆ ಇಳಿದರು, ಪಾಯಿಂಟ್, ಫೌಲ್, ಟೈಮ್‌ಔಟ್ ಎಲ್ಲ ಇದೆ. ಯಾರ ಬದಲಿಗೆ ಯಾರು ಯಾವ ನಿಮಿಷದಲ್ಲಿ ಬಂದರೆಂಬುದು ಇಲ್ಲ. ಅದಿಲ್ಲದೆ ಪ್ಲಸ್-ಮೈನಸ್ ಸಾಧ್ಯವಿಲ್ಲ. ಬೆಂಚ್‌ನಿಂದ ಎದ್ದುಬಂದು ಪಂದ್ಯ ಉಳಿಸಿದ ಹುಡುಗಿಯ ಗುರುತೂ ಉಳಿಯುವುದಿಲ್ಲ.

ರಾಜ್ಯ ಮಟ್ಟದ ಟೂರ್ನಿ ನಡೆಸುವವರಲ್ಲಿ, ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನ ಕೇಳಿಕೆ ಇಷ್ಟೇ: ಸ್ಕೋರರ್ ಮೇಜಿನ ಪಕ್ಕ ಇನ್ನೊಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಪ್ರತಿ ಬದಲಾವಣೆಯ ಸಮಯವನ್ನೂ ಆಗಿನ ಸ್ಕೋರನ್ನೂ ಒಂದು ಹಾಳೆಯಲ್ಲಿ ಬರೆಸಿ, ಆ ಹಾಳೆಗಳನ್ನು ಜೋಪಾನವಾಗಿಡಿ.